ಟವಲಿನ ಕೆಳಗೆ ಕೊಂಡ ಜಾಗ

"ಕೀಲಿ ಕೊಡು."

"ಕೊಡಂಗಿಲ್ಲ."

"ಸುಭಾನಾ, ಮಂದಿ ಮುಂದ ನನ್ನ ಮರ್ಯಾದಿ ತೆಗೀಬ್ಯಾಡ. ಪೆಟಿಗಿ ಕೀಲಿ ಕೊಡು ಅಂದೆ."

"ಮರ್ಯಾದಿ ಹೋದ್ರ ನಿಮ್ಮೊಬ್ಬರದು ಹೋಗ್ತೈತಿ. ರೊಕ್ಕ ಹೋದ್ರ ಇಬ್ಬರದೂ ಹೋಗ್ತೈತಿ. ಊರಿಗೆಲ್ಲ ಗಾದಿ ಹೊಲದು ಕೊಟ್ಟು ನಾವು ನೆಲದ ಮ್ಯಾಲ ಮಕ್ಕೊಂಡು ಕೂಡಿಟ್ಟ ರೊಕ್ಕ ಅದು. ನಾಳಿ ಬೀದಿಗೆ ಬಿದ್ದಾಗ ನಿಮ್ಮ ಮರ್ಯಾದಿ ಹಾಸಿಗೊಂಡು ಮಕ್ಕೊಳ್ರಿ."

"ಬಾಯಿ ಬಿಗಿ ಹಿಡಿ. ಇಲ್ಲಾಂದ್ರ ಪೆಟಿಗಿ ಒಡೀತೀನಿ."

"ಒಡೀರಿ. ಕೊಡ್ಲಿ ನಾನ ತಂದು ಕೊಡ್ತೀನಿ."

ಇದು ಮಸ್ಕಿಯಲ್ಲಿ, ನಮ್ಮ ಮನೆಯ ಗೋಡೆಯ ಆಚೆ ನಡೆದ ಜಗಳ. ಹತ್ತು ವರ್ಷವಾಗುತ್ತ ಬಂತು. ಗೋಡೆ ಎಂದರೆ ಆಗಿನ ಮಣ್ಣಿನ ಗೋಡೆ. ಒಂದು ಮನೆಯವರು ಒಗ್ಗರಣೆ ಹಾಕಿದರೆ ಇನ್ನೊಂದು ಮನೆಯವರು ಸೀನುತ್ತಿದ್ದರು. ಹಾಗಿರುವಾಗ ಜಗಳ ಕೇಳದೆ ಇರುತ್ತದೆಯೇ? ಕೀಲಿ ಕೇಳುತ್ತಿದ್ದವನು ಗಾದಿ ಹೊಲಿಯುವ ದಸ್ತಗೀರ್‌ಸಾಬ್. ಕೊಡುವುದಿಲ್ಲ ಎಂದವಳು ಅವನ ಹೆಂಡತಿ ಸುಭಾನಬಿ. ಬಾಗಿಲ ಬಳಿ ಕುಳಿತು, ತನಗೇನೂ ಕೇಳಿಸುತ್ತಿಲ್ಲ ಎನ್ನುವಂತೆ ಅಡಿಕೆ ಕತ್ತರಿಸುತ್ತಿದ್ದವನು ದಲ್ಲಾಳಿ ಹಂಪಣ್ಣ.

ಜಗಳದ ಮೂಲ ಒಂದು ತುಂಡು ಜಾಗ. ಕಾಲುವೆ ನೀರು ಬಂದ ಮೇಲೆ ಸಿಂಧನೂರು ಹಿಟ್ಟು ಕಲಸಿಟ್ಟಂತೆ ಉಬ್ಬುತ್ತಿತ್ತು. ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಕುಳಿತರೆ ಒಂದು ಕಡೆ ನಮ್ಮ ಕನ್ನಡ, ಒಂದು ಕಡೆ ಸಾಬರ ಮಾತು, ಭತ್ತ ಬೆಳೆಯಲು ಬಂದು ನೆಲೆಸಿದವರ ತೆಲುಗು, ಪೂರ್ವ ಬಂಗಾಲದಿಂದ ಬಂದ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ, ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತಿದ್ದವು. ಮಿರ್ಚಿ ಕರಿಯುವವನಿಗೆ ಮಾತ್ರ ಎಲ್ಲ ಭಾಷೆಯಲ್ಲೂ "ಇನ್ನೊಂದು" ಎನ್ನುವ ಮಾತು ಅರ್ಥವಾಗುತ್ತಿತ್ತು. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ರೊಕ್ಕ ಪೆಟ್ಟಿಗೆಯಲ್ಲಿಟ್ಟರೆ ಕೊಳೆಯುತ್ತದೆ, ಸಿಂಧನೂರಿನ ಜಾಗದ ಮೇಲೆ ಹಾಕಿದರೆ ಬೆಳೆಯುತ್ತದೆ. ದಸ್ತಗೀರ್‌ಸಾಬನಿಗೂ ಆಸೆ ಹುಟ್ಟಿತು. ಹತ್ತಿ ಹಿಂಜುವ ಬಿಲ್ಲನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಅವನ ಭುಜ ಒಂದು ಕಡೆ ಜೋತುಬಿದ್ದಿತ್ತು. ದೊಡ್ಡ ರಸ್ತೆಗೆ ಹತ್ತಿದಂತೆ ಒಂದು ಜಾಗ ಕೊಂಡು, ಗಾದಿ ಅಂಗಡಿ ಹಾಕಿ, ಗಿರಾಕಿಗಳೇ ತನ್ನ ಬಳಿ ಬರುವುದನ್ನು ಒಮ್ಮೆ ನೋಡಬೇಕು ಎಂಬುದು ಅವನ ಆಸೆ. ತಪ್ಪೇನಿಲ್ಲ.

ತಪ್ಪಾಗಿದ್ದು ಕೊಂಡ ರೀತಿಯಲ್ಲಿ.

ಹಂಪಣ್ಣ ಎತ್ತಿನ ದಲ್ಲಾಳಿ. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಸಿಂಧನೂರಿನ ದನದ ಸಂತೆ ಎಂದರೆ ಹಿಂದೆ ಕಣ್ಣು ಹಾಯುವಷ್ಟು ದೂರ ಕೊಂಬುಗಳು. ಕೊಳ್ಳುವವನು ಒಂದು ಕಡೆ, ಮಾರುವವನು ಒಂದು ಕಡೆ, ನಡುವೆ ಹಂಪಣ್ಣ. ಹೆಗಲ ಮೇಲಿನ ಕೆಂಪಂಚಿನ ಟವಲನ್ನು ಕೈ ಮೇಲೆ ಹಾಸುತ್ತಿದ್ದ. ಅದರ ಕೆಳಗೆ ಮೊದಲು ಒಬ್ಬನ ಬೆರಳು ಹಿಡಿಯುತ್ತಿದ್ದ, ಆಮೇಲೆ ಇನ್ನೊಬ್ಬನ ಬೆರಳು. ಬೆಲೆ ಬೆರಳಿನಲ್ಲೇ ಇರುತ್ತಿತ್ತು. ಬಾಯಿ ಬಿಚ್ಚುವಂತಿಲ್ಲ. ಕೊಳ್ಳುವವನು ಮಾರುವವನ ಮುಖ ನೋಡುವಂತಿಲ್ಲ. ಇಬ್ಬರೂ ಎತ್ತನ್ನೇ ನೋಡುತ್ತಿದ್ದರು. ಒಮ್ಮೆ ಟವಲು ಹೆಗಲಿಗೆ ಹೋಯಿತೆಂದರೆ ವ್ಯಾಪಾರ ಮುಗಿಯಿತು. ಆಮೇಲೆ ಪ್ರಶ್ನೆ ಕೇಳಿದವನು ಗಂಡಸೇ ಅಲ್ಲ ಎಂದು ಸಂತೆ ನಗುತ್ತಿತ್ತು. ಹಂಪಣ್ಣನ ಟವಲಿನ ಕೆಳಗೆ ಕೈ ಕೊಟ್ಟವರು ಕೆಟ್ಟದ್ದು ನಾನಂತೂ ಕೇಳಿಲ್ಲ. ಎತ್ತು ಕುಂಟಿದರೆ ತಾನೇ ಮರುಸಂತೆಗೆ ಹೊಡೆದುಕೊಂಡು ಬಂದು ಬೇರೆ ಕೊಡಿಸುತ್ತಿದ್ದ.

ಆದರೆ ಟ್ರ್ಯಾಕ್ಟರ್ ಬಂತು. ಸಂತೆಯಲ್ಲಿ ಕೊಂಬು ಕಡಿಮೆಯಾದವು. ಗದ್ದೆ, ಪ್ಲಾಟು ಕೊಡಿಸುವುದೇ ದಲ್ಲಾಳಿಗಳ ಕೆಲಸವಾಯಿತು. ಹಂಪಣ್ಣನೂ ಅದಕ್ಕೇ ಇಳಿದ. ಆದೋನಿಯ ಸಂತೆಗೆ ಹೋಗಿ ಬಂದು ಕಲಿತ ತೆಲುಗು ಇತ್ತು, ಹೆಗಲ ಮೇಲೆ ಅದೇ ಟವಲು ಇತ್ತು. ಸಿಂಧನೂರಿನ ಆಚೆ, ತೆಲುಗಿನವರು ನೆಲೆಸಿದ ಒಂದು ಕ್ಯಾಂಪಿನಲ್ಲಿ ಹಾಲು ಮಾರುವ ವೆಂಕಾಯಮ್ಮನ ಜಾಗವನ್ನು ದಸ್ತಗೀರ್‌ಸಾಬನಿಗೆ ಕೊಡಿಸಿದ. ಹೇಗೆ? ಎತ್ತು ಕೊಡಿಸಿದ ಹಾಗೆಯೇ. ಟವಲಿನ ಕೆಳಗೆ ಆ ಮುದುಕಿಯ ಬೆರಳು, ಟವಲಿನ ಕೆಳಗೆ ಇವನ ಬೆರಳು. ದಸ್ತಗೀರ್‌ಸಾಬನಿಗೆ ತೆಲುಗು ಬರದು, ಆಕೆಗೆ ಕನ್ನಡ ಬರದು. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡಲೇ ಇಲ್ಲ. ಬಯಾನಾ ಎಂದು ಮುಂಗಡವನ್ನೂ ಕೊಟ್ಟಾಗಿತ್ತು. ಉಳಿದದ್ದನ್ನು ಸೋಮವಾರ ಕೊಟ್ಟು ರಿಜಿಸ್ಟ್ರಿ ಮಾಡಿಸಬೇಕು. ಆ ಉಳಿದದ್ದು ಪೆಟ್ಟಿಗೆಯಲ್ಲಿತ್ತು, ಕೀಲಿ ಸುಭಾನಬಿಯ ಸೊಂಟದಲ್ಲಿತ್ತು.

ಗದ್ದಲ ಕೇಳಿ ನಮ್ಮಕ್ಕ ಯಮನಮ್ಮ ಎದ್ದಳು. ತುರ್ವಿಹಾಳಕ್ಕೆ ಕೊಟ್ಟ ಅಕ್ಕ, ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. "ಗಂಡ ಹೆಂಡಿರ ಜಗಳಕ್ಕ ನೀ ಯಾಕ ಹೋಗ್ತಿ?" ಎಂದೆ. "ಜಗಳ ಇಷ್ಟು ಚಂದ ನಡದಾಗ ಮನ್ಯಾಗ ಕುಂತ್ರ ಪಾಪ ಬರ್ತೈತಿ" ಎಂದು ಸೆರಗು ಬಿಗಿದು ಹೊರಟಳು. ಹಿಂದೆ ನಾನೂ ಹೋದೆ.

"ಯಮನಕ್ಕ, ನೀನ ನ್ಯಾಯ ಹೇಳು," ಎಂದಳು ಸುಭಾನಬಿ. "ಮೊನ್ನಿ ಕೌದಿ ಕೊಡಾಕ ಆ ಕ್ಯಾಂಪಿಗೆ ಹೋಗಿದ್ದೆ. ಜಾಗಾನೂ ಇನ್ನೊಮ್ಮೆ ಕಣ್ತುಂಬ ನೋಡಿ ಬರೋಣ ಅಂತ ಹೋದ್ರ, ಆ ಮುದುಕಿ ಎಮ್ಮಿ ಕೊಟ್ಟಿಗಿಗೆ ಹೊಸಾ ತಗಡು ಹೊದಸಾಕತ್ತಾಳ. ಹೊಸಾ ಎಮ್ಮಿ ಬ್ಯಾರೆ ತಂದಾಳ. ಜಾಗ ಬಿಟ್ಟು ಹೋಗೋರು ಯಾರರ ಕೊಟ್ಟಿಗಿಗೆ ಹೊಸಾ ತಗಡು ಹಾಕ್ತಾರೇನು?"

"ಕೇಳಬೇಕಿತ್ತಿಲ್ಲೋ?" ಎಂದಳು ಅಕ್ಕ.

"ಕೇಳಿದೆ. ನಾ ಕನ್ನಡದಾಗ ಕೇಳಿದೆ, ಆಕಿ ತೆಲುಗಿನ್ಯಾಗ ಹೇಳಿದ್ಳು. ಇಬ್ಬರೂ ನಕ್ಕೋತ ಮಜ್ಜಿಗಿ ಕುಡದು ಬಂದ್ವಿ."

ದಸ್ತಗೀರ್‌ಸಾಬ್ ಸಿಡುಕಿದ. "ಹಂಪಣ್ಣ ಕಾಕಾ ಹೇಳ್ಯಾನ, ರಿಜಿಸ್ಟ್ರಿ ಆದ ಮ್ಯಾಲ ಬಿಡ್ತಾಳ ಅಂತ. ಮೂವತ್ತು ವರ್ಷದಿಂದ ಕಾಕಾನ ಟವಲ ನಂಬೀವಿ. ಬೆರಳು ಕೊಟ್ಟ ಮ್ಯಾಲ ತಿರುಗಿ ಹೋಗಿ 'ಏನು, ಎತ್ತ' ಅಂದ್ರ ಮಂದಿ ನನ್ನ ಮಾರಿಗೆ ಉಗುಳ್ತಾರ."

"ಬೆರಳು ಕೊಟ್ಟ ದಿನ ನಾನೂ ಅಲ್ಲೇ ಇದ್ದೆ," ಎಂದಳು ಸುಭಾನಬಿ. "ಆ ಮುದುಕಿ ಒಂದು ಚಾ ಕಾಯೋ ಅಷ್ಟು ಹೊತ್ತು ಕೈ ತಿರುವಿ ತಿರುವಿ ಮಾತಾಡಿದ್ಳು. ಕಾಕಾ ನಮ್ಮ ಕಡೆ ಬಂದು, 'ಹೂಂ ಅಂದ್ಳು' ಅಂದ. ಅಷ್ಟ! ಅಷ್ಟುದ್ದ ಮಾತಾಡಿದ್ದೆಲ್ಲ ಒಂದು ಹೂಂ ಆತೇನು? ಉಳಿದ ಮಾತು ಎಲ್ಲಿ ಹೋದ್ವು?"

ಹಂಪಣ್ಣ ಆಗ ಮೊದಲ ಸಲ ಬಾಯಿ ಬಿಟ್ಟ. "ತಂಗಿ, ಹೆಂಗಸರ ಮಾತಿನಾಗ ಹೊಟ್ಟು ಭಾಳ ಇರ್ತೈತಿ. ನಾ ಕಾಳಷ್ಟ ತಂದು ಕೊಟ್ಟೆ."

"ನಮಗ ಹೊಟ್ಟೂ ಬೇಕ್ರಿ ಕಾಕಾ," ಎಂದಳು ಅಕ್ಕ. "ದನ ಕಟ್ಟಿದೋರಿಗೆ ಗೊತ್ತಿಲ್ಲೇನು, ಹೊಟ್ಟಿಗೂ ಬೆಲಿ ಐತಿ ಅಂತ?"

ಹಂಪಣ್ಣ ಅಡಕತ್ತಿನಿಂದ ತಲೆ ಎತ್ತಿ ಅಕ್ಕನನ್ನು ನೋಡಿದ. ಸಿಟ್ಟು ಬರಲಿಲ್ಲ, ನಗು ಬಂತು. "ಈಕಿ ಯಾರು?"

ಅಕ್ಕ ಯಾರೆಂದರೆ, ತುರ್ವಿಹಾಳದ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಪ್ರತಿ ವರ್ಷ ಕ್ಯಾಂಪುಗಳಿಗೆ ಭತ್ತದ ನಾಟಿಗೆ ಹೋಗುವವಳು. ತೆಲುಗು ಕೆಸರಿನಲ್ಲೇ ಕಲಿತವಳು. ದಸ್ತಗೀರ್‌ಸಾಬನ ಎದುರು ಕುಳಿತು ತನ್ನದೊಂದು ಕಥೆ ಹೇಳಿದಳು.

"ಮೊದಲನೇ ವರ್ಷ ನಾವೂ ನಡುವಿನವನ ಮಾತು ಕೇಳಿ ನಾಟಿಗೆ ಹೋದ್ವಿ, ಸಾಬಣ್ಣ. ನಮ್ಮ ಕಡೆ ಹೆಂಗ? ನಾಟಿಗೆ ಕರದೋರು ಮಧ್ಯಾಹ್ನ ಉಣ್ಣಾಕ ಹಾಕ್ತಾರ. ಅದನ್ನ ಯಾರು ಬಾಯಿ ಬಿಟ್ಟು ಹೇಳ್ತಾರ? ಸೂರ್ಯ ಹುಟ್ತಾನ ಅಂತ ಯಾರರ ಹೇಳ್ತಾರೇನು? ಅವರ ಕಡೆ ಹೆಂಗ? ಆಳಾದೋರು ಬುತ್ತಿ ತಾವ ತರ್ತಾರ. ಅವರೂ ಹೇಳಲಿಲ್ಲ. ಮಧ್ಯಾಹ್ನ ಆತು. ನಾವು ಬದುವಿನ ಮ್ಯಾಲ ಕುಂತು ಅವರ ಮಾರಿ ನೋಡಾಕತ್ತೀವಿ, ಅವರು ನಮ್ಮ ಮಾರಿ ನೋಡಾಕತ್ತಾರ. 'ಇವರು ಎಷ್ಟು ಜಿಪುಣರು' ಅಂತ ನಾವು. 'ಇವರು ಎಂಥಾ ಸೋಮಾರಿಗಳು, ಬುತ್ತಿನೂ ಕಟ್ಟಿಗೊಂಡು ಬಂದಿಲ್ಲ' ಅಂತ ಅವರು. ಯಾರೂ ಮೋಸ ಮಾಡಿದ್ದಿಲ್ಲ. ಆದ್ರೂ ನಮ್ಮ ಹೊಟ್ಟಿ ಹಸದಿತ್ತಲ್ಲ?"

"ಅದು ಒಂದು ಹೊತ್ತಿನ ಊಟ," ಎಂದ ದಸ್ತಗೀರ್‌ಸಾಬ್.

"ಹೌದು. ಇದು ನಿನ್ನ ಜಲ್ಮದ ಊಟ. ಅದಕ್ಕ ಹೇಳಾಕತ್ತೀನಿ. ಅವತ್ತಿನಿಂದ ನಾ ಒಂದು ಪದ್ಧತಿ ಇಟ್ಟೀನಿ. ಕೆಲಸಕ್ಕ ಕೈ ಹಚ್ಚೋಕ್ಕಿಂತ ಮೊದಲು, ನಾ ಹೇಳಿದ್ದನ್ನ ಅವರು ತಿರುಗಿ ಹೇಳಬೇಕು. ಅವರು ಹೇಳಿದ್ದನ್ನ ನಾ ತಿರುಗಿ ಹೇಳ್ತೀನಿ. ಹೂಂ ಅಂದ್ರ ನಡ್ಯಂಗಿಲ್ಲ. ಹೂಂ ಅನ್ನಾಕ ಏನು, ಕಥಿ ಕೇಳೋ ಕೂಸೂ ನಿದ್ದಿಗಣ್ಣಾಗ ಹೂಂ ಅಂತೈತಿ."

"ನಾ ಬೆರಳು ಕೊಟ್ಟೀನಿ," ಎಂದ ಅವನು ಮತ್ತೆ. ಆದರೆ ದನಿ ತಗ್ಗಿತ್ತು.

ಹಂಪಣ್ಣ ಟವಲು ಕೊಡವಿ ಎದ್ದ. "ಹೋಗೋಣ ನಡೀರಿ. ನಾಳಿ ಮುಂಜಾನಿ ಬಸ್ಸಿಗೆ ಹೋಗಿ ಆಕಿನ್ನ ಕೇಳ್ರಿ. ನನ್ನ ಟವಲ ಹೊಲಸಾಗಿಲ್ಲ," ಎಂದ. ಅಷ್ಟು ಧೈರ್ಯವಾಗಿ ಹೇಳಿದ ಮನುಷ್ಯ ರಾತ್ರಿ ನಮ್ಮ ಕಟ್ಟೆಯ ಮೇಲೆ ಮಲಗಿದವನು ಬಹಳ ಹೊತ್ತು ಬೀಡಿ ಸೇದುತ್ತಲೇ ಇದ್ದ.

ಮರುದಿನ ಐವರೂ ಹೋದೆವು. ಲಿಂಗಸುಗೂರಿನಿಂದ ಬರುವ ಆ ಬಸ್ಸು ಮಸ್ಕಿಗೆ ಬರುವಷ್ಟರಲ್ಲಿ ತುಂಬಿ ತುಳುಕುತ್ತಿತ್ತು. ಕೋಳಿ, ಕೊಡಲಿ, ಮೆಣಸಿನಕಾಯಿ ಚೀಲ, ಎಲ್ಲದಕ್ಕೂ ಜಾಗ ಸಿಗುತ್ತಿತ್ತು. ಕಂಡಕ್ಟರನಿಗೆ ಎಲ್ಲರ ಊರೂ ಗೊತ್ತು, ಹೆಸರೂ ಗೊತ್ತು. ಜೋಳದ ಹೊಲ ಮುಗಿದು ಭತ್ತದ ಹಸಿರು ಶುರುವಾಗುವ ಕಡೆ ತಂಪು ಗಾಳಿ ಕಿಟಕಿಯಿಂದ ಬರುತ್ತಿತ್ತು. ಅಲ್ಲಿಗೆ ಸಿಂಧನೂರು ಬಂತು ಎಂದು ಕಣ್ಣು ಮುಚ್ಚಿಕೊಂಡೇ ಹೇಳಬಹುದಿತ್ತು.

ವೆಂಕಾಯಮ್ಮ ನಮ್ಮನ್ನು ಕಂಡು ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಕೊಟ್ಟಿಗೆಗೆ ಹೊಂದಿದ ಮನೆಯಿಂದ ಮಗಳು ಮಜ್ಜಿಗೆ ತಂದಳು. ಅಕ್ಕ ತೆಲುಗಿನಲ್ಲಿ ಮಾತಿಗೆ ಕುಳಿತಳು. ಎಮ್ಮೆ ಎಷ್ಟು ಹಾಲು ಕೊಡುತ್ತದೆ, ಹಿಂಡಿ ಎಲ್ಲಿಂದ ತರುತ್ತೀರಿ, ಮಗಳ ಗಂಡ ಎಲ್ಲಿದ್ದಾನೆ, ಎಲ್ಲ ಕೇಳಿದಳು. ದಸ್ತಗೀರ್‌ಸಾಬನಿಗೆ ತಡೆಯಲಾಗಲಿಲ್ಲ. "ಎಮ್ಮಿ ವಿಚಾರ ಬಿಡು ಯಮನಮ್ಮ, ಜಾಗದ್ದು ಕೇಳು," ಎಂದ.

"ಬಾಯಿಂದ ಕೇಳಂಗಿಲ್ಲ," ಎಂದಳು ಅಕ್ಕ. "ಕಾಲಿಂದ ಕೇಳ್ತೀನಿ." ವೆಂಕಾಯಮ್ಮನ ಕಡೆ ತಿರುಗಿ, ನೀನು ಮಾರುತ್ತಿರುವ ಜಾಗದ ಸುತ್ತ ನಮ್ಮ ಕಣ್ಣ ಮುಂದೆ ನಡೆದು ತೋರಿಸು ಎಂದಳು.

ಮುದುಕಿ ಕೋಲು ಹಿಡಿದು ಎದ್ದಳು. ರಸ್ತೆಯ ಪಕ್ಕದ ಕಲ್ಲಿನಿಂದ ಶುರು ಮಾಡಿದಳು. ಬೇಲಿ ಹಿಡಿದು ನಡೆದಳು. ನಾವು ಹಿಂದೆ. ಕೈಪಂಪಿನ ಬೋರಿಂಗ್ ದಾಟಿದಳು. ಬೇವಿನ ಗಿಡದ ಹತ್ತಿರ ಬಂದಳು. ಅಲ್ಲಿ ನಿಂತು, ಗಿಡಕ್ಕೆ ಕೋಲಿನಿಂದ ಒಮ್ಮೆ ತಟ್ಟಿ, ಬೇವಿನ ನೇರಕ್ಕೆ ಅಡ್ಡ ಹೊರಟಳು.

"ಹಿಂದಕ್ಕ ನಡೀರಿ, ಹಿಂದಕ್ಕ," ಎಂದ ದಸ್ತಗೀರ್‌ಸಾಬ್. "ಕೊಟ್ಟಿಗಿ ದಾಟಿ ಆ ಗ್ವಾಡಿ ತನಕ."

ಮುದುಕಿ ತಿರುಗಿ ನೋಡಿದಳು. ಇವನು ಕೈ ಮಾಡಿ ತೋರಿಸುತ್ತ ತಾನೇ ಬೇವಿನ ಗಿಡ ದಾಟಿ, ಕೊಟ್ಟಿಗೆ ದಾಟಿ, ಹಿಂದಿನ ಗೋಡೆ ಮುಟ್ಟಿ ನಿಂತ. ಮುದುಕಿಯ ಮುಖದ ನಗು ಹೋಯಿತು. ಕೋಲು ಎತ್ತಿಕೊಂಡು ಅವನ ಹಿಂದೆ ಹೋದಳು. ಕೊಟ್ಟಿಗೆಯ ಮುಂದೆ ಅಡ್ಡ ನಿಂತು ಏನೇನೋ ಕೂಗಿದಳು. "ನಾ ಗೇದೆಲು ಎಟ್ಲಾ ಪೋತಾಯಿ?" ಎಂದದ್ದು ಮಾತ್ರ ನನಗೆ ಕೇಳಿಸಿತು.

"ನನ್ನ ಎಮ್ಮಿ ಎಲ್ಲಿ ಹಾದು ಹೋಗಬೇಕು ಅಂತಾಳ," ಎಂದಳು ಅಕ್ಕ.

ಅಲ್ಲಿಗೆ ಯಾರೂ ಬಿಡಿಸಿ ಹೇಳುವುದು ಉಳಿಯಲಿಲ್ಲ. ಆಕೆ ಮಾರಿದ್ದು ರಸ್ತೆಯಿಂದ ಬೇವಿನ ಗಿಡದವರೆಗೆ. ಇವನು ಕೊಂಡದ್ದು ರಸ್ತೆಯಿಂದ ಹಿಂದಿನ ಗೋಡೆಯವರೆಗೆ. ಬೆರಳು ಹೇಳಿದ ಬೆಲೆ ಒಂದೇ. ಮುಂದಿನ ಅರ್ಧಕ್ಕೇ ಇಷ್ಟು ಕೊಡುತ್ತಾನೆ, ಎಂಥ ಉದಾರಿ ಸಾಬಣ್ಣ ಎಂದು ಆಕೆ ಹಿಗ್ಗಿದ್ದಳು. ಅದೇ ಖುಷಿಯಲ್ಲಿ ಬಯಾನಾ ಹಣದಿಂದ ಎಮ್ಮೆ ತಂದು ತಗಡು ಹೊದಿಸಿದ್ದಳು. ಎಲ್ಲಾ ಜಾಗ ಇಷ್ಟಕ್ಕೇ ಸಿಕ್ಕಿತು, ಎಂಥ ಮುಗ್ಧ ಮುದುಕಿ ಎಂದು ಇವನು ಹಿಗ್ಗಿದ್ದ. ಸೋಮವಾರ ಹಾಗೆಯೇ ಹೆಬ್ಬೆಟ್ಟು ಒತ್ತಿದ್ದರೆ, ಇಲ್ಲ ಅವನ ಅರ್ಧ ರೊಕ್ಕ ಹೋಗುತ್ತಿತ್ತು, ಇಲ್ಲ ಆಕೆಯ ಕೊಟ್ಟಿಗೆ ಹೋಗುತ್ತಿತ್ತು. ಇಬ್ಬರೂ ಬಿಡದಿದ್ದರೆ ಕೋರ್ಟಿನ ಮೆಟ್ಟಿಲು ಸವೆಯುತ್ತಿತ್ತು.

ಎಲ್ಲರೂ ಹಂಪಣ್ಣನ ಕಡೆ ನೋಡಿದೆವು. ಅವನು ನೆಲ ನೋಡುತ್ತಿದ್ದ.

"ಕಾಕಾ," ಎಂದ ದಸ್ತಗೀರ್‌ಸಾಬ್. ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ. "ನಿನಗ ಗೊತ್ತಿತ್ತೇನು?"

"ಹಿಂದಿನ ಕಡೆ ನಾ ಇರ್ತೀನಿ ಅಂದಿದ್ಳು," ಎಂದ ಹಂಪಣ್ಣ. "ಎಷ್ಟು ದಿನ ಅಂತ ನಾ ಕೇಳಲಿಲ್ಲ. ಮುದುಕಿ, ಇವತ್ತಲ್ಲ ನಾಳಿ ಮಗಳ ಜೋಡಿ ಎಲ್ಲೆರ ಹೋಗ್ತಾಳ ಅಂದ್ಕೊಂಡೆ. ನಿನಗ ಹೇಳಿದ್ರ ನೀ ಎದ್ದು ಹೋಗ್ತಿದ್ದಿ. ಆಕಿಗೆ ಹೇಳಿದ್ರ ಆಕಿ ಎದ್ದು ಹೋಗ್ತಿದ್ಳು. ವ್ಯಾಪಾರ ಮುರೀಬಾರದು ಅಂತ ಇಬ್ಬರಿಗೂ ಹಿತ ಆಗೋದಷ್ಟ ಹೇಳಿದೆ. ಆಮ್ಯಾಲ ಹೊಂದಿಸಿದ್ರಾತು ಅಂತ. ಎತ್ತಿನ ವ್ಯಾಪಾರದಾಗ ಜಲ್ಮೆಲ್ಲಾ ಹಿಂಗ ಹೊಂದಿಸೀನಿ."

"ಎತ್ತು ಕಣ್ಣ ಮುಂದ ನಿಂತಿರ್ತೈತಿ ಕಾಕಾ," ಎಂದಳು ಅಕ್ಕ. ಜೋರು ಮಾಡಲಿಲ್ಲ, ಮೆಲ್ಲಗೇ ಹೇಳಿದಳು. "ಹಲ್ಲು ಎಣಿಸ್ತೀವಿ, ಗೊರಸು ನೋಡ್ತೀವಿ, ಓಡಿಸಿ ನೋಡ್ತೀವಿ. ಬಾಯಿ ಮಾತಿಲ್ಲದಿದ್ರೂ ನಡೀತೈತಿ. ಜಾಗಕ್ಕ ಹಲ್ಲು ಎಲ್ಲದಾವ? ಎತ್ತು ಕುಂಟಿದ್ರ ನೀ ಮರುಸಂತಿಗೆ ಹೊಡಕೊಂಡು ಬಂದಿ. ಈ ನೆಲ ಕುಂಟಿದ್ರ ಎಲ್ಲಿಗೆ ಹೊಡಕೊಂಡು ಬರ್ತಿದ್ದಿ?"

ಹಂಪಣ್ಣ ಟವಲನ್ನು ಹೆಗಲಿನಿಂದ ತೆಗೆದು ಮುಖ ಒರೆಸಿಕೊಂಡು, ಕೊಟ್ಟಿಗೆಯ ಮುಂದಿದ್ದ ಹಗ್ಗದ ಹೊರಸಿನ ತುದಿಗೆ ಕುಳಿತ.

ಆಮೇಲೆ ವ್ಯಾಪಾರ ಮೊದಲಿನಿಂದ ಶುರುವಾಯಿತು, ಈ ಸಲ ಬಾಯಿಂದ. ದಸ್ತಗೀರ್‌ಸಾಬ್ ಮೊದಲು ಗಂಟಲು ಸರಿ ಮಾಡಿಕೊಂಡ. ಹೊಸ ಮದುಮಗನಂತೆ ನಾಚಿದ. ಅರ್ಧ ಜಾಗಕ್ಕೆ ಅರ್ಧದ ಬೆಲೆ ಎಂದ. ರಸ್ತೆಯ ಕಡೆಯ ಅರ್ಧ ಅದು, ಹಾಗೆ ಆಗುವುದಿಲ್ಲ ಎಂದಳು ವೆಂಕಾಯಮ್ಮ. ಅವನ ಮಾತನ್ನು ಅಕ್ಕ ತೆಲುಗಿನಲ್ಲಿ ಹೇಳಿದರೆ, ವೆಂಕಾಯಮ್ಮ ತಾನು ತಿಳಿದದ್ದನ್ನು ತಿರುಗಿ ಹೇಳಬೇಕು. ಆಕೆಯ ಮಾತನ್ನು ಅಕ್ಕ ಕನ್ನಡದಲ್ಲಿ ಹೇಳಿದರೆ, ಇವನು ತಿರುಗಿ ಹೇಳಬೇಕು. ಬೇವಿನ ಗಿಡ ಯಾರದು? ಬುಡ ಆಕೆಯ ಕಡೆ, ನೆರಳು ಇಬ್ಬರದು. ಬೋರಿಂಗಿನ ನೀರು? ಅದು ಇವನ ಪಾಲಿನ ನೆಲದಲ್ಲಿತ್ತು, ಇಬ್ಬರೂ ಪಂಪು ಹೊಡೆದು ತುಂಬಿಕೊಳ್ಳಬೇಕು. ಎಮ್ಮೆಗೆ ದಾರಿ? ಬಲಗಡೆಯ ಬೇಲಿಗುಂಟ ಒಂದು ಬಂಡಿ ಹಾಯುವಷ್ಟು. ಬೆಲೆಯೂ ಎರಡು ಸಲ ಜಗ್ಗಾಡಿ ಕೊನೆಗೆ ಎಲ್ಲರ ಮುಂದೆ ಕುದುರಿತು.

ಎಲ್ಲ ಮುಗಿಯಿತು ಎಂದು ನಾವು ಎದ್ದರೆ ದಸ್ತಗೀರ್‌ಸಾಬ್ ಏಳಲಿಲ್ಲ. ಪ್ರಶ್ನೆ ಕೇಳಿದರೆ ಮಾನ ಹೋಗುತ್ತದೆ ಎಂದಿದ್ದ ಮನುಷ್ಯನಿಗೆ ಈಗ ಪ್ರಶ್ನೆಯ ರುಚಿ ಹತ್ತಿತ್ತು.

"ಯಮನಮ್ಮ, ಇನ್ನೊಂದು ಕೇಳು. ಎಮ್ಮಿ ನನ್ನ ಅಂಗಡಿ ಮುಂದ ಸಗಣಿ ಹಾಕಿದ್ರ ಯಾರು ಬಳೀಬೇಕು?"

ಅಕ್ಕ ನಗದೆ ಹೇಳಿದಳು. ವೆಂಕಾಯಮ್ಮ ಗಂಭೀರವಾಗಿ ಯೋಚಿಸಿ, ಸಗಣಿ ತನ್ನದು, ತಾನೇ ಬಳಿಯುತ್ತೇನೆ, ಆದರೆ ಸಾಬಣ್ಣನ ಹತ್ತಿ ಹಾರಿ ಬಂದು ಎಮ್ಮೆಯ ಮೂಗಿಗೆ ಹೋದರೆ ಯಾರು ತೆಗೆಯಬೇಕು ಎಂದು ತಿರುಗಿ ಕೇಳಿದಳು. ಸುಭಾನಬಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಗುತ್ತಲೇ ಸೊಂಟದಿಂದ ಕೀಲಿ ತೆಗೆದು ಗಂಡನ ಕೈಗೆ ಇಟ್ಟಳು.

ಸೋಮವಾರ ಸಿಂಧನೂರಿನ ರಿಜಿಸ್ಟ್ರಿ ಕಚೇರಿಯ ಮುಂದೆ ಪತ್ರ ಬರೆಯುವವರು ಕನ್ನಡದಲ್ಲಿ ಬರೆದು ಗಡಗಡ ಓದಿದರು. "ನಿಂತು ನಿಂತು ಓದ್ರಿ," ಎಂದ ದಸ್ತಗೀರ್‌ಸಾಬ್. ಅವರು ಕನ್ನಡಕದ ಮೇಲಿಂದ ನೋಡಿದರು. "ನಿಂತು ಓದ್ರಿ ಸಾಹೇಬ್ರ. ಮುದುಕಿಗೆ ತಿಳೀಬೇಕು," ಎಂದ ಮತ್ತೆ. ಅವರು ನಿಂತು ಓದಿದರು. ಅಕ್ಕ ಸಾಲುಸಾಲಾಗಿ ತೆಲುಗಿನಲ್ಲಿ ಹೇಳಿದಳು. ನಾಲ್ಕು ದಿಕ್ಕಿನ ಗಡಿ, ಬೋರಿಂಗು, ಗಿಡ, ಎಮ್ಮೆಯ ದಾರಿ, ಒಂದೊಂದನ್ನೂ ವೆಂಕಾಯಮ್ಮ ತಿರುಗಿ ಒಪ್ಪಿಸಿ ಆಮೇಲೆ ಹೆಬ್ಬೆಟ್ಟು ಒತ್ತಿದಳು. ಸಗಣಿಯ ಮಾತೂ ಬರೆಯಿರಿ ಎಂದು ಆಕೆ ಹಟ ಹಿಡಿದಳು. ಪತ್ರ ಬರೆಯುವವರು ಅದೊಂದಕ್ಕೆ ಒಪ್ಪಲಿಲ್ಲ.

ಓದುತ್ತಿರುವವರೇ, ಕೇಳುತ್ತಿರುವವರೇ, ಈಗ ನೇರ ನಿಮಗೇ ಹೇಳುತ್ತೇನೆ. ಜಾಗ ಕೊಳ್ಳಿರಿ, ಬೇಡ ಎನ್ನುವುದಿಲ್ಲ. ಆದರೆ ನಿಮಗೆ ಬಾರದ ಭಾಷೆಯವರಿಂದ ಕೊಳ್ಳುವಾಗ, ಅವರಿಗೆ ಮಾರುವಾಗ, ನಡುವಿನವನ ಒಂದು ಹೂಂ ನಂಬಿ ರೊಕ್ಕ ಬಿಚ್ಚಬೇಡಿ. ಎರಡೂ ಭಾಷೆ ಬಲ್ಲ, ವ್ಯಾಪಾರದಲ್ಲಿ ಪಾಲಿಲ್ಲದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ. ಮಾರುವವರನ್ನು ಗಡಿಯ ಸುತ್ತ ನಡೆಸಿ, ನೀವೂ ನಡೆಯಿರಿ. ನಮ್ಮ ಕಡೆ ದಾರಿ, ನೀರು, ಗಿಡ, ಹಿರಿಯರ ಗೋರಿ, ಇವೆಲ್ಲ ಎಲ್ಲರಿಗೂ ಗೊತ್ತಿದ್ದದ್ದೇ ಎಂದು ಬಾಯಿ ಬಿಡುವುದಿಲ್ಲ. ನೂರು ವರ್ಷ ಒಂದೇ ಊರಿನಲ್ಲಿ ಇದ್ದವರಿಗೆ ಅದು ಗೊತ್ತು. ಬೇರೆ ಸೀಮೆಯಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಹೇಳಿ. ಅವರಿಂದ ತಿರುಗಿ ಹೇಳಿಸಿ. ಪತ್ರದಲ್ಲಿ ಬರೆಸಿ. ಓದಿಸಿ ಕೇಳಿದ ಮೇಲೆಯೇ ಹೆಬ್ಬೆಟ್ಟು ಒತ್ತಿ. ಕೇಳಿದರೆ ಮಾನ ಹೋಗುತ್ತದೆ ಎನ್ನುವವರು ಯಾರಾದರೂ ಇದ್ದರೆ, ದಸ್ತಗೀರ್‌ಸಾಬನ ಗಾದಿ ಅಂಗಡಿಗೆ ಕಳಿಸಿ. ರಸ್ತೆಯ ಪಕ್ಕದಲ್ಲೇ ಇದೆ, ಮುಂದೆ ಎಮ್ಮೆ ಹಾಯುತ್ತಿರುತ್ತವೆ.

ಇನ್ನು ಹಂಪಣ್ಣನ ಮಾತು ಉಳಿಯಿತು. ಸೋಮವಾರ ಅವನೂ ಕಚೇರಿಗೆ ಬಂದಿದ್ದ. ಸಾಕ್ಷಿ ಹಾಕುತ್ತೇನೆ ಎಂದಿದ್ದ, ಬಂದು ಹಾಕಿದ. ಅಲ್ಲಿನ ಬೆಂಚಿನ ಮೇಲೆ ಕುಳಿತು ಎಲ್ಲ ಕೇಳಿಸಿಕೊಂಡ. ವೆಂಕಾಯಮ್ಮ ಮತ್ತು ಸುಭಾನಬಿ ಅಷ್ಟರಲ್ಲಿ ಅಕ್ಕನನ್ನೂ ಬಿಟ್ಟು, ಬರುವಷ್ಟು ಮಾತು, ಬಾರದ ಕಡೆ ಕೈ ಸನ್ನೆ ಮಾಡಿಕೊಂಡು ಮಾತಿಗೆ ಇಳಿದಿದ್ದರು. ಅವರಿಗೆ ನಡುವೆ ಯಾರೂ ಬೇಕಾಗಿರಲಿಲ್ಲ. ಹಂಪಣ್ಣ ಅದನ್ನೇ ನೋಡುತ್ತಿದ್ದ. ದಸ್ತಗೀರ್‌ಸಾಬ್ ಅವನ ದಲ್ಲಾಳಿಯ ರೊಕ್ಕ ಕೊಡಲು ಹೋದ.

"ಏನ್ ಮಾಡೀನಿ ಅಂತ ಕೊಡ್ತೀಯೋ ಸಾಬಾ?" ಎಂದ ಹಂಪಣ್ಣ. ಆಮೇಲೆ ಎದ್ದು, "ಒಂದು ಚಾ ಕುಡದು ಬರ್ತೀನಿ," ಎಂದ. ಜಾಗ ಹೋಗಬಾರದೆಂದು ಬೆಂಚಿನ ಮೇಲೆ ಟವಲು ಹಾಸಿ ಹೋದ.

ನಾವು ಕಾಯುತ್ತ ಕುಳಿತೆವು. ಅಲ್ಲಿ ಬಂದವರೆಲ್ಲ ಆ ಟವಲು ಕಂಡು, ಯಾರೋ ಬರುವವರಿದ್ದಾರೆ ಎಂದು ನಿಂತೇ ಇದ್ದರು. ಚಹಾದ ಅಂಗಡಿಯಲ್ಲಿ ಕೇಳಿದರೆ ಆ ಕಡೆ ಬಂದೇ ಇಲ್ಲ ಎಂದರು. ಕಚೇರಿ ಮುಚ್ಚಿತು. ಮಸ್ಕಿಯ ಕೊನೆಯ ಬಸ್ಸು ಹೊರಟಾಗ ಸುಭಾನಬಿ ಟವಲು ಮಡಚಿಕೊಂಡು ಹತ್ತಿದಳು. ಮುಂದೆ ದಸ್ತಗೀರ್‌ಸಾಬ್ ಅವನನ್ನು ಹುಡುಕಿ ಸಂತೆ ಸಂತೆ ತಿರುಗಿದ. ಎತ್ತುಗಳೇ ಇಲ್ಲದ ಸಂತೆಯಲ್ಲಿ ಎತ್ತಿನ ದಲ್ಲಾಳಿಯನ್ನು ಯಾರು ಕಂಡಿರುತ್ತಾರೆ?

ಟವಲು ಒಗೆದು ಅಂಗಡಿಯ ಗೂಟಕ್ಕೆ ಹಾಕಿದ್ದಾರೆ. ಕೆಂಪಂಚು ಮಾಸಿದೆ. ಹಂಪಣ್ಣ ಎತ್ತರದ ಆಳು, ಬಿಳಿ ಮೀಸೆ, ಮಾತಾಡುವಾಗ ಬೆರಳು ತಾವಾಗಿ ಆಡುತ್ತಿರುತ್ತವೆ. ನಿಮ್ಮ ಊರಿನ ಕಡೆ ಕಂಡರೆ, ಟವಲು ಇಲ್ಲೇ ಇದೆ ಎಂದು ಹೇಳಿರಿ.